ಅಷ್ಟು ದೊಡ್ಡ ರೈಫಲ್ ಹಾರಿಸಿದರೆ ಹೆಗಲು ನೋಯೋದಿಲ್ವಾ?

ಮದುವೆ ಮನೆಯಲ್ಲಿ ಸಿಕ್ಕವರು, ಗೊನೆ ಕೊಯ್ಯಲು ಬಂದ ಹುಡುಗರು, ಬೆಂಗಳೂರಿನಿಂದ ಬಂದ ನೆಂಟರು, ಎಲ್ಲರೂ ನನ್ನ ಹತ್ತಿರ ಕೇಳುವುದು ಒಂದೇ ಪ್ರಶ್ನೆ. "ಅಲ್ಲ ಮಾರಾಯ, ಅಷ್ಟು ದೊಡ್ಡ ರೈಫಲ್ ಹಾರಿಸ್ತೀಯಲ್ಲ, ಹೆಗಲು ಕಳಚಿ ಹೋಗಲ್ವಾ?"

ಪ್ರತಿ ಸಲ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಆದರೆ ಇದು ಎರಡು ಮಾತಿನ ವಿಷಯ ಅಲ್ಲ. ಹಾಗಾಗಿ ಒಮ್ಮೆ ಸರಿಯಾಗಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ವಿಷಯ ಹೇಳಿಬಿಡಬೇಕು. ನಾನು ಬೇಟೆಗಾರ ಅಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಹೊಸನಗರದ ಕಡೆ ನಮ್ಮದು ಅಡಿಕೆ ತೋಟ, ಸ್ವಲ್ಪ ಗದ್ದೆ. ಬೆಳೆ ರಕ್ಷಣೆಗೆ ಅಂತ ಅಪ್ಪನ ಹೆಸರಿನಲ್ಲಿದ್ದ ಒಂಟಿ ನಳಿಗೆಯ ತೋಟಾ (ಕಾರ್ತೂಸು) ಕೋವಿ ಅವರ ನಂತರ ನನ್ನ ಹೆಸರಿಗೆ ಬಂತು. ಅದರಿಂದ ಶುರುವಾದ ಆಸಕ್ತಿ ಗುರಿ ಅಭ್ಯಾಸಕ್ಕೆ ಎಳೆಯಿತು. ಈಗ ಗುರಿ ಅಭ್ಯಾಸದ ರೇಂಜಿನಲ್ಲಿ ಥರ್ಟಿ ನಾಟ್ ಸಿಕ್ಸ್ ಅನ್ನುವ ದೊಡ್ಡ ರೈಫಲ್ ಹಾರಿಸುತ್ತೇನೆ. ಹೆಂಡತಿಯ ತಮ್ಮ ದಕ್ಷಿಣ ಆಫ್ರಿಕಾದಲ್ಲಿದ್ದಾನೆ. ಅವನ ಮನೆಗೆ ಹೋದಾಗ ಅಲ್ಲಿನ ರೇಂಜಿನಲ್ಲಿ ಇನ್ನೂ ದೊಡ್ಡ ರೈಫಲ್‌ಗಳನ್ನೂ ಹಾರಿಸಿದ್ದೇನೆ.

ಪ್ರಶ್ನೆಗೆ ಬರೋಣ. ನೋಯುತ್ತದಾ? ಹಿಡಿಯಲು ಬರದಿದ್ದರೆ ಖಂಡಿತ ನೋಯುತ್ತದೆ. ನಮ್ಮ ಕಡೆ "ಕೋವಿ ಒದೆಯುತ್ತೆ" ಅನ್ನುತ್ತಾರಲ್ಲ, ಸರಿಯಾದ ಮಾತು.

ನನ್ನ ಮೊದಲ ಈಡು ಇವತ್ತಿಗೂ ನೆನಪಿದೆ. ಭತ್ತ ಹಾಲುಗಟ್ಟುವ ಸಮಯ, ಹಂದಿ ಕಾಟ ತಡೆಯಲಾಗುತ್ತಿರಲಿಲ್ಲ. ಸದ್ದಿಗಾದರೂ ಓಡಲಿ ಅಂತ ಗದ್ದೆಯಂಚಿನ ಧರೆಯ ಮಣ್ಣಿಗೆ ಗುರಿ ಹಿಡಿದೆ. ಒದೆತದ ಭಯಕ್ಕೆ ಕೋವಿಯ ಬುಡವನ್ನು ಹೆಗಲಿಗೆ ತಾಗಿಸದೆ ಎರಡು ಬೆರಳು ದೂರ ಹಿಡಿದಿದ್ದೆ. ದೂರ ಇದ್ದರೆ ನೋವು ಕಡಿಮೆ ಅಂತ ನನ್ನ ಲೆಕ್ಕ. ಟ್ರಿಗರ್ ಎಳೆದದ್ದೇ ಗೊತ್ತು. ತೋಳಿನ ಮೇಲ್ಭಾಗದಲ್ಲಿ ನೇರಳೆ ಹಣ್ಣಿನ ಬಣ್ಣದ ಗಾಯ ಹದಿನೈದು ದಿನ ಇತ್ತು. ಕೈ ಎತ್ತಿ ಅಂಗಿ ಹಾಕಲು ಆಗುತ್ತಿರಲಿಲ್ಲ.

ನೋವು ಬಂದದ್ದೇ ಆ ಎರಡು ಬೆರಳಿನ ಜಾಗದಿಂದ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಹಮಾಲಿಗಳು ಮೂಟೆ ಹೊರುವುದನ್ನು ನೋಡಿ. ಮೂಟೆ ಬೆನ್ನಿಗೆ ಅಂಟಿಕೊಂಡು ಕೂತರೆ ಅಷ್ಟು ತೂಕ ಹೊತ್ತು ನಡೆಯುತ್ತಾರೆ. ಅದೇ ಮೂಟೆಯನ್ನು ಒಂದು ಗೇಣು ಮೇಲಿಂದ ಬೆನ್ನಿಗೆ ಎತ್ತಿಹಾಕಿದರೆ ಎಂಥ ಗಟ್ಟಿ ಆಳಾದರೂ ಕುಸಿಯುತ್ತಾನೆ. ತೂಕ ಅಷ್ಟೇ. ನಡುವೆ ಜಾಗ ಇದ್ದರೆ ಅದು ಪೆಟ್ಟು, ಜಾಗ ಇಲ್ಲದಿದ್ದರೆ ಬರೀ ತಳ್ಳು.

ಈಗ ಸ್ವಲ್ಪ ಲೆಕ್ಕ. ಥರ್ಟಿ ನಾಟ್ ಸಿಕ್ಸ್ 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ತೋಟಾ, ಹೆಸರಿನ ಕೊನೆಯ ಸಿಕ್ಸ್ ಆ ವರ್ಷದ್ದೇ. ಅದರ ಒಂದು ಸಾಮಾನ್ಯ ಗುಂಡು 11.7 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಹಿಂದೆ ಉರಿದ ಮದ್ದಿನ ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ. ಇಷ್ಟೆಲ್ಲ ಮುಂದಕ್ಕೆ ಹೋದರೆ ಕೋವಿ ಹಿಂದಕ್ಕೆ ಬರಲೇಬೇಕು. ನ್ಯೂಟನ್ನನ ಮೂರನೇ ನಿಯಮ, ಹೈಸ್ಕೂಲಿನಲ್ಲಿ ಓದಿದ್ದೇ. 3.6 ಕೆ.ಜಿ.ಯ ರೈಫಲ್ ಸೆಕೆಂಡಿಗೆ ಹತ್ತಿರ ಹತ್ತಿರ 4 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಒದೆತದ ಶಕ್ತಿ ಸುಮಾರು 27 ಜೂಲ್. ಎನ್‌ಸಿಸಿ ಮಕ್ಕಳು ಹಾರಿಸುವ ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ ಇದು ಕಾಲು ಜೂಲ್ ಕೂಡ ಇಲ್ಲ. ಆಫ್ರಿಕಾದಲ್ಲಿ ಕಾಡೆಮ್ಮೆಗೆ ಬಳಸುವ ತ್ರೀ ಸೆವೆಂಟಿ ಫೈವ್‌ನಲ್ಲಿ 50 ಜೂಲ್ ಆಸುಪಾಸು. ಆನೆಗೆ ಅಂತಲೇ ಬಂದ ಫೋರ್ ಫಿಫ್ಟಿ ಏಟ್‌ನಲ್ಲಿ 80ರ ಹತ್ತಿರ.

ಇನ್ನೊಂದು ಮಾತು ಹೇಳಿದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನಮ್ಮ ಮನೆಗಳಲ್ಲಿರುವ ಹನ್ನೆರಡು ಬೋರಿನ ಹಗುರ ಒಂಟಿ ನಳಿಗೆ ಕೋವಿ ಈ ಥರ್ಟಿ ನಾಟ್ ಸಿಕ್ಸ್‌ಗಿಂತ ಜಾಸ್ತಿ ಒದೆಯುತ್ತದೆ. ಅದರ ಚರೆಯೇ ಒಟ್ಟು 32 ಗ್ರಾಂ ಇರುತ್ತದೆ, ಕೋವಿ ನೋಡಿದರೆ ಮೂರು ಕೆ.ಜಿ. ಆ ಕೋವಿಯನ್ನು ವರ್ಷಗಟ್ಟಲೆ ಹಾರಿಸಿದವರು ದೊಡ್ಡ ರೈಫಲ್ ಅಂದ ತಕ್ಷಣ ಹೆದರಬೇಕಾಗಿಲ್ಲ. ಭಾರದ ಕೋವಿ ಹೊರಲು ಕಷ್ಟ, ಹಾರಿಸಲು ಸುಖ. ಆ 3.6 ಕೆ.ಜಿ.ಯ ಥರ್ಟಿ ನಾಟ್ ಸಿಕ್ಸ್ ರೈಫಲ್ಲೇ 4.5 ಕೆ.ಜಿ. ಇದ್ದರೆ ಒದೆತ ಐದರಲ್ಲಿ ಒಂದು ಪಾಲು ಇಳಿಯುತ್ತದೆ.

ಹಿಡಿಯುವುದು ಹೇಗೆ? ಬಲಗೈಯನ್ನು ಮುಂದೆ ಚಾಚಿ, ಎಡಗೈ ಬೆರಳಿನಿಂದ ಕೊರಳೆಲುಬಿನ ಕೆಳಗೆ ಮುಟ್ಟಿ ನೋಡಿ. ಹೆಗಲಿನ ಗುಂಡುಮೂಳೆಗೂ ಎದೆಗೂ ನಡುವೆ ಮೆತ್ತಗಿನ ಒಂದು ಗುಳಿ ಸಿಗುತ್ತದೆ. ಕೋವಿಯ ಬುಡ ಕೂರಬೇಕಾದದ್ದು ಅಲ್ಲಿ. ಮೂಳೆಯ ಮೇಲೂ ಅಲ್ಲ, ತೋಳಿನ ಮೇಲೂ ಅಲ್ಲ. ಮೊದಲು ಕೋವಿಯನ್ನು ಕೆನ್ನೆಗೆ ತನ್ನಿ, ಆಮೇಲೆ ಹೆಗಲಿಗೆ ಒತ್ತಿ ಎಳೆದುಕೊಳ್ಳಿ. ಕೆನ್ನೆ ಕೋವಿಯ ಮರದ ಭಾಗಕ್ಕೆ ಅಂಟಿಯೇ ಇರಬೇಕು. ಅಲ್ಲೂ ಜಾಗ ಬಿಟ್ಟರೆ ದವಡೆಗೆ ಪೆಟ್ಟು.

ನಿಲ್ಲುವ ರೀತಿಗೆ ನನಗೆ ಸಿಕ್ಕ ಒಳ್ಳೆಯ ಪಾಠ ಆಗುಂಬೆ ಘಾಟಿಯ ಬಸ್ಸು. ಸೀಟು ಸಿಗದೆ ನಿಂತವರು ಏನು ಮಾಡುತ್ತಾರೆ? ಒಂದು ಕಾಲು ಮುಂದಿಟ್ಟು, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಬಸ್ಸಿನ ಜೊತೆ ಮೈಯನ್ನು ಆಡಲು ಬಿಡುತ್ತಾರೆ. ಕಂಬದ ಹಾಗೆ ಸೆಟೆದು ನಿಂತವನು ಮೊದಲ ತಿರುವಿನಲ್ಲೇ ಬೀಳುತ್ತಾನೆ. ಕೋವಿಗೂ ಹಾಗೆಯೇ. ಎಡಗಾಲು ಮುಂದೆ, ಮೈಭಾರ ಅದರ ಮೇಲೆ, ಎದೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ಒದೆತ ಬಂದಾಗ ಸೊಂಟದಿಂದ ಮೇಲೆ ಇಡೀ ಮೈ ಅದರ ಜೊತೆ ಹಿಂದೆ ಹೋಗಿ ಬರಲಿ. ಹಿಂದಕ್ಕೆ ವಾಲಿ ನಿಂತವರನ್ನು ನೋಡಿದರೆ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಬಿದ್ದರೆ ಕೋವಿ ಯಾವ ಕಡೆ ತಿರುಗುತ್ತದೋ ಯಾರಿಗೆ ಗೊತ್ತು?

ಕೂತು, ಮೇಜಿನ ಮೇಲಿಟ್ಟು ಹಾರಿಸಿದರೆ ಸುಲಭ ಅಂತ ಜನ ತಿಳಿಯುತ್ತಾರೆ. ಗುರಿಗೆ ಸುಲಭ, ಹೆಗಲಿಗೆ ಕಷ್ಟ. ಮೈ ಹಿಂದೆ ಹೋಗಲು ಜಾಗವೇ ಇರುವುದಿಲ್ಲ. ಆಫ್ರಿಕಾದ ಆ ರೇಂಜಿನಲ್ಲಿ ತ್ರೀ ಸೆವೆಂಟಿ ಫೈವ್ ಹಿಡಿದು ಮೇಜಿನ ಮುಂದೆ ಕೂತಿದ್ದೆ. ಗುರಿ ಸ್ಪಷ್ಟ ಕಾಣಲಿ ಅಂತ ಗೊತ್ತಿಲ್ಲದ ಹಾಗೆ ತಲೆ ಮುಂದೆ ಮುಂದೆ ಸರಿಯಿತು. ರೈಫಲ್ ಮೇಲೆ ಗುರಿ ನೋಡಲು ಕೂರಿಸಿದ ದುರ್ಬೀನಿಗೂ, ಅಂದರೆ ಸ್ಕೋಪಿಗೂ, ಕಣ್ಣಿಗೂ ಒಂದು ಮುಷ್ಟಿಯ ಅಗಲ, ಅಂದರೆ ಎಂಟು ಹತ್ತು ಸೆಂಟಿಮೀಟರ್ ಜಾಗ ಇರಬೇಕು. ನನ್ನದು ಅದರ ಅರ್ಧವೂ ಇರಲಿಲ್ಲ. ಸ್ಕೋಪಿನ ಅಂಚು ಬಂದು ಹುಬ್ಬಿಗೆ ಬಡಿಯಿತು. ನೋವಿಗಿಂತ ಮೊದಲು ಕಣ್ಣೊಳಗೆ ಬಿಸಿ ಬಿಸಿ ಏನೋ ಇಳಿಯಿತು, ಒರೆಸಿ ನೋಡಿದರೆ ರಕ್ತ. ಮೂರು ಹೊಲಿಗೆ. ಹೆಗಲಿಗೆ ಮಾತ್ರ ಏನೂ ಆಗಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಎಲ್ಲರೂ ಹೆಗಲಿನ ಬಗ್ಗೆಯೇ ಕೇಳುತ್ತಾರೆ, ಕಣ್ಣಿನ ಬಗ್ಗೆ ಯಾರೂ ಕೇಳುವುದಿಲ್ಲ.

ಕಿವಿಯ ಬಗ್ಗೆಯೂ ಕೇಳುವುದಿಲ್ಲ. 140 ಡೆಸಿಬಲ್ ದಾಟಿದ ಸದ್ದು ಒಂದೇ ಸಲಕ್ಕೆ ಕಿವಿ ಕೆಡಿಸಬಹುದು, ದೊಡ್ಡ ರೈಫಲ್ ಸದ್ದು 150 ದಾಟುತ್ತದೆ. ಕಿವಿಯೊಳಗೆ ಸ್ಪಂಜಿನ ಪ್ಲಗ್, ಅದರ ಮೇಲೆ ಇಯರ್ ಮಫ್, ನಾನು ಎರಡೂ ಹಾಕುತ್ತೇನೆ. ಕಿವಿ ಮುಚ್ಚಿದಾಗ ಕೋವಿ ಒದೆಯುವುದೇ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ನಾವು ಒದೆತ ಅಂದುಕೊಂಡದ್ದರಲ್ಲಿ ಅರ್ಧ ಸದ್ದಿನ ಭಯ. ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್ ಒದೆತ ಕಡಿಮೆ ಮಾಡುತ್ತದೆ ನಿಜ, ಆದರೆ ಸದ್ದನ್ನು ಪಕ್ಕಕ್ಕೆ, ಹಿಂದಕ್ಕೆ ಎಸೆಯುತ್ತದೆ. ಪಕ್ಕದಲ್ಲಿ ನಿಂತವರ ಪಾಡು ಕೇಳಬೇಡಿ. ನನಗೆ ಅದು ಇಷ್ಟ ಇಲ್ಲ. ಬುಡಕ್ಕೊಂದು ಒಳ್ಳೆಯ ರಬ್ಬರ್ ಪ್ಯಾಡ್ ಸಾಕು. ಹಳೆಯ ಕೋವಿಗಳ ಪ್ಯಾಡ್ ಕಲ್ಲಿನ ಹಾಗೆ ಆಗಿರುತ್ತದೆ. ಉಗುರು ಒತ್ತಿ ನೋಡಿ, ತಗ್ಗದಿದ್ದರೆ ಬದಲಾಯಿಸಿ.

ಇಷ್ಟೆಲ್ಲ ಆದ ಮೇಲೂ ಕೊನೆಗೆ ಉಳಿಯುವುದು ಮನಸ್ಸಿನ ಬೆದರು. ನನಗೆ ಕಲಿಸಿದವರು ಸೈನ್ಯದಿಂದ ನಿವೃತ್ತರಾದ ಒಬ್ಬ ಸುಬೇದಾರರು. ಒಂದು ದಿನ ನನ್ನ ಗುಂಡುಗಳೆಲ್ಲ ಗುರಿಯ ಕೆಳಗೆ ಹೋಗುತ್ತಿದ್ದವು. "ಕೋವಿ ಒದೆದು ಗುರಿ ತಪ್ಪಿಸ್ತಾ ಇದೆ ಸರ್" ಅಂದೆ. ಅವರು ಏನೂ ಹೇಳದೆ ರೈಫಲ್ ತೆಗೆದುಕೊಂಡು, ತಿರುಗಿ ನಿಂತು ತೋಟಾ ತುಂಬಿ ಕೊಟ್ಟರು. ನಾನು ಟ್ರಿಗರ್ ಎಳೆದೆ. ಟಕ್ ಅಂತ ಒಂದು ಸಣ್ಣ ಸದ್ದು. ಒಳಗಿದ್ದದ್ದು ಮದ್ದಿಲ್ಲದ ಡಮ್ಮಿ ತೋಟಾ. ಆದರೆ ನಳಿಗೆ ಮಾತ್ರ ಒಂದು ಗೇಣು ಕೆಳಗೆ ಹೋಗಿತ್ತು, ನನ್ನ ಕಣ್ಣು ಗಟ್ಟಿ ಮುಚ್ಚಿತ್ತು.

"ಈಗ ಯಾರು ಒದ್ದರಪ್ಪಾ?" ಅಂದರು.

ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಪಾಲಿಗಿಂತ ಕಡಿಮೆ. ಅಷ್ಟರಲ್ಲಿ ರೈಫಲ್ ಹಿಂದೆ ಬರುವುದು ಸುಮಾರು ಎರಡು ಮಿಲಿಮೀಟರ್. ನಮ್ಮ ಹೆಗಲಿಗೆ ಗೊತ್ತಾಗುವ ಹೊತ್ತಿಗೆ ಗುಂಡು ಹೊರಟುಹೋಗಿರುತ್ತದೆ. ಗುರಿ ಕೆಡಿಸುವುದು ಒದೆತ ಅಲ್ಲ, ಒದೆಯುತ್ತದೆ ಅಂತ ಮೊದಲೇ ನಾವು ಬೆಚ್ಚುವುದು.

ಆ ಬೆದರು ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಅದಕ್ಕೇ ಹೊಸಬರಿಗೆ ನಾನು ದೊಡ್ಡ ರೈಫಲ್ ಕೈಗೆ ಕೊಡಲು ಒಪ್ಪುವುದಿಲ್ಲ. "ಒಂದ್ಸಲ ನೋಡ್ಲಿ, ಮಜಾ ಇರುತ್ತೆ" ಅಂತ ಕೆಲವರು ಸುಮ್ನೆ ಕೊಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಾಯಿಂಟ್ ಟೂ ಟೂನಲ್ಲಿ ನೂರಾರು ಈಡು ಆಗಲಿ. ದೊಡ್ಡದನ್ನು ಹಿಡಿದ ಮೇಲೂ ದಿನಕ್ಕೆ ಹತ್ತು ಈಡು ಸಾಕು. ದಣಿದ ಮೈಗೆ ಬೆದರು ಬೇಗ ಅಂಟುತ್ತದೆ.

ಸುಬೇದಾರರು ನನಗೆ ಕೊಟ್ಟ ಔಷಧಿ ಬೇರೆ. ಆ ಮಳೆಗಾಲ ಪೂರ್ತಿ ನಾನು ಒಂದೂ ಈಡು ಹಾರಿಸಲಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ, ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಕೋವಿ ಖಾಲಿ ಅಂತ ಎರಡು ಸಲ ನೋಡಿ, ಡಮ್ಮಿ ಹಾಕಿ, ಜಗುಲಿಯ ಮಣ್ಣಿನ ಗೋಡೆಗೆ ಗುರಿ ಹಿಡಿಯುತ್ತಿದ್ದೆ. ಹೆಂಡತಿ ನಳಿಗೆಯ ತುದಿಯಲ್ಲಿ ಐದು ರೂಪಾಯಿ ನಾಣ್ಯ ಇಡುತ್ತಿದ್ದಳು. ಟ್ರಿಗರ್ ಎಳೆದಾಗ ನಾಣ್ಯ ಬೀಳಬಾರದು. ಮೊದಲ ವಾರ ಹತ್ತಕ್ಕೆ ಹತ್ತು ಸಲ ಬಿತ್ತು. ಚೌತಿ ಹೊತ್ತಿಗೆ ಬೀಳುವುದು ನಿಂತಿತು.

ದೀಪಾವಳಿ ಕಳೆದು ರೇಂಜಿಗೆ ಹೋದೆ. ನಿಜವಾದ ತೋಟಾ ತುಂಬಿದೆ, ಬುಡವನ್ನು ಹೆಗಲಿನ ಗುಳಿಗೆ ಎಳೆದುಕೊಂಡೆ, ಕಣ್ಣು ತೆರೆದೇ ಇಟ್ಟು ಟ್ರಿಗರ್ ಒತ್ತಿದೆ. ನಳಿಗೆಯ ತುದಿಯಲ್ಲಿ ಒಂದು ಕಿತ್ತಳೆ ಬಣ್ಣದ ಕಿಡಿ ಮಿಂಚಿ ಹೋಯಿತು. ಅಷ್ಟು ವರ್ಷ ಹಾರಿಸಿದ್ದರೂ ಅದನ್ನು ನಾನು ಒಂದು ಸಲವೂ ನೋಡಿರಲಿಲ್ಲ.