ಉಪಗ್ರಹ ನೋಡಿ ಗುರುಗ್ರಹವನ್ನು ತೂಗುವುದು

ನಮ್ಮ ಚಂದ್ರ ಭೂಮಿಯಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ. ಗುರುಗ್ರಹದ ಉಪಗ್ರಹ ಅಯೋ ಗುರುವಿನಿಂದ 4,21,800 ಕಿ.ಮೀ. ದೂರದಲ್ಲಿದೆ. ದೂರ ಹೆಚ್ಚೂಕಡಿಮೆ ಒಂದೇ. ಆದರೆ ಒಂದು ಸುತ್ತಿಗೆ ಚಂದ್ರನಿಗೆ 27.32 ದಿನ ಬೇಕು, ಅಯೋಗೆ 1.769 ದಿನ ಸಾಕು. ಹದಿನೈದು ಪಟ್ಟಿಗೂ ಹೆಚ್ಚು ಅವಸರ! ಅಯೋ ಗಾತ್ರದಲ್ಲಿ ಚಂದ್ರನಿಗಿಂತ ತುಸುವೇ ದೊಡ್ಡದು, ಹಾಗಾಗಿ ಕಾರಣ ಅದರಲ್ಲಿಲ್ಲ. ನಡುವೆ ಕೂತಿರುವ ಗ್ರಹದ ಭಾರದಲ್ಲಿದೆ.

ಎಷ್ಟು ಭಾರ? ಗ್ರಹಗಳ ಚಲನೆಯ ಬಗ್ಗೆ ಕೆಪ್ಲರ್ 1619ರಲ್ಲಿ ಪ್ರಕಟಿಸಿದ ಮೂರನೇ ನಿಯಮಕ್ಕೆ ನ್ಯೂಟನ್ ಮುಂದೆ ದ್ರವ್ಯರಾಶಿಯನ್ನು ಸೇರಿಸಿದರು. ದೂರದ ಘನವನ್ನು ಅವಧಿಯ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ, ನಡುವಿನ ಕಾಯ ಎಷ್ಟು ಪಟ್ಟು ಭಾರವೋ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಲೆಕ್ಕ ಹಾಕಿ ನೋಡಿ. ಅಯೋದ ದೂರ ಚಂದ್ರನ ದೂರದ 1.097 ಪಟ್ಟು, ಅದರ ಘನ 1.32. ಚಂದ್ರನ ಅವಧಿ ಅಯೋದ ಅವಧಿಯ 15.44 ಪಟ್ಟು, ಅದರ ವರ್ಗ 238.5. ಎರಡನ್ನೂ ಗುಣಿಸಿದರೆ 315. ಈ ನಿಯಮದಲ್ಲಿ ಭೂಮಿಯ ಜೊತೆ ಚಂದ್ರನ ಭಾರವೂ (ಭೂಮಿಯ 81ರಲ್ಲಿ ಒಂದು ಪಾಲು) ಸೇರಿರುವುದರಿಂದ ಅದನ್ನು ಸರಿಪಡಿಸಿದರೆ 319 ಬರುತ್ತದೆ. ಗುರುವಿನ ದ್ರವ್ಯರಾಶಿ ಭೂಮಿಯ 318 ಪಟ್ಟು ಎಂಬುದು ಈಗ ಒಪ್ಪಿರುವ ಸಂಖ್ಯೆ. ಇದೇ ಲೆಕ್ಕವನ್ನು ಕ್ಯಾಲಿಸ್ಟೊಗೆ (18,83,000 ಕಿ.ಮೀ., 16.69 ದಿನ) ಹಾಕಿದರೂ 315 ಬರುತ್ತದೆ. ನಾಲ್ಕೂವರೆ ಪಟ್ಟು ದೂರದ ಬೇರೊಂದು ಉಪಗ್ರಹ ಅದೇ ಸಂಖ್ಯೆಯನ್ನು ಕೊಡುವುದು ನನ್ನ ಮಟ್ಟಿಗೆ ಈ ನಿಯಮದ ಅತ್ಯಂತ ಸುಂದರವಾದ ಭಾಗ.

ಇಲ್ಲಿ ಬಹಳ ಜನ ಎಡವುವುದು ಚಂದ್ರನ ಅವಧಿಯಲ್ಲಿ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ ಎಂದು ಅದನ್ನೇ ಹಾಕಿದರೆ ಉತ್ತರ 368ಕ್ಕೆ ಏರುತ್ತದೆ. ಚಂದ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಸುಮಾರು 27 ಡಿಗ್ರಿ ಸಾಗಿರುತ್ತದೆ. ಮತ್ತೆ ಹುಣ್ಣಿಮೆಯ ಸ್ಥಾನಕ್ಕೆ ಬರಲು ಚಂದ್ರನಿಗೆ ಇನ್ನೆರಡು ದಿನ ಹಿಡಿಯುತ್ತದೆ. ನಕ್ಷತ್ರಗಳನ್ನು ಹಿನ್ನೆಲೆಯಾಗಿಟ್ಟು ಅಳೆದ 27.32 ದಿನವೇ ನಿಜವಾದ ಸುತ್ತು.

ದೂರ, ಅವಧಿ ಎರಡನ್ನೂ ನೀವೇ ಅಳೆಯಬಹುದು. ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು ಚುಕ್ಕೆಗಳಾಗಿ ಕಾಣಲು 60–70 ಮಿ.ಮೀ. ದೂರದರ್ಶಕ, 40–50 ಪಟ್ಟು ವರ್ಧನೆ ಸಾಕು. 10×50 ಬೈನಾಕ್ಯುಲರ್ ಆದರೆ ಟ್ರೈಪಾಡ್ ಬೇಕೇ ಬೇಕು. ಕೈಯಲ್ಲಿ ಹಿಡಿದರೆ ಚುಕ್ಕೆಗಳು ಗೆರೆಗಳಾಗುತ್ತವೆ. ಪ್ರತಿ ಸಲವೂ ಗಂಟೆ, ನಿಮಿಷ ಬರೆದುಕೊಂಡು, ಪ್ರತಿ ಚುಕ್ಕೆ ಗುರುವಿನ ನಡುಮಧ್ಯದಿಂದ ಯಾವ ಬದಿಗೆ, ಗುರುವಿನ ಎಷ್ಟು ವ್ಯಾಸದಷ್ಟು ದೂರದಲ್ಲಿದೆ ಎಂದು ಗುರುತು ಹಾಕಿ. ಸಮಭಾಜಕದಲ್ಲಿ ಗುರುವಿನ ವ್ಯಾಸ 1.43 ಲಕ್ಷ ಕಿ.ಮೀ. ಅಯೋ ಹೆಚ್ಚೆಂದರೆ 3 ವ್ಯಾಸ ದೂರ ಹೋಗುತ್ತದೆ, ಯುರೋಪಾ 4.7, ಗ್ಯಾನಿಮೀಡ್ 7.5, ಕ್ಯಾಲಿಸ್ಟೊ 13.2.

ಶುರು ಮಾಡುವುದು ಕ್ಯಾಲಿಸ್ಟೊದಿಂದಲೇ. ಅದು ದಿನಕ್ಕೆ 21.6 ಡಿಗ್ರಿ ಮಾತ್ರ ಸಾಗುವುದರಿಂದ ದಿನಕ್ಕೊಂದು ಗುರುತು ಸಾಕು. ಮೂರು ವಾರದಲ್ಲಿ ಚಂದದ ಅಲೆಯ ಗೆರೆ ಮೂಡುತ್ತದೆ. ಅಯೋ ದಿನಕ್ಕೆ 203 ಡಿಗ್ರಿ, ಅಂದರೆ ಅರ್ಧ ಸುತ್ತಿಗಿಂತ ಹೆಚ್ಚು. ದಿನಕ್ಕೊಮ್ಮೆ ನೋಡಿದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಿಗಿದಂತೆ ಕಂಡು, ಅದು ಅಯೋನೋ ಯುರೋಪಾನೋ ತಿಳಿಯದೆ ಹೋಗುತ್ತದೆ. ಅದನ್ನು ಒಂದೇ ರಾತ್ರಿ ಅರ್ಧ ಗಂಟೆಗೊಮ್ಮೆ ನೋಡಬೇಕು. ಗುರುವಿನ ಹತ್ತಿರ ಇರುವಾಗ ಎರಡು ಗಂಟೆಯಲ್ಲಿ ಹೆಚ್ಚುಕಡಿಮೆ ಒಂದು ವ್ಯಾಸದಷ್ಟು ಸರಿಯುತ್ತದೆ. ಕಕ್ಷೆಯ ತುದಿಯಲ್ಲಿ ಎರಡು ಗಂಟೆಯಾದರೂ ನಿಂತಂತೆಯೇ ಕಾಣುತ್ತದೆ. ನಿಂತಿರುವುದಿಲ್ಲ, ನಮ್ಮ ಕಡೆಗೋ ನಮ್ಮಿಂದ ಆಚೆಗೋ ಸಾಗುತ್ತಿರುತ್ತದೆ, ಅಷ್ಟೇ.

ನಾಲ್ಕರಲ್ಲಿ ಎರಡು ಮೂರೇ ಕಂಡರೆ ಗಾಬರಿ ಬೇಡ. ಉಳಿದವು ಗುರುವಿನ ಹಿಂದೋ ಮುಂದೋ ನೆರಳಿನಲ್ಲೋ ಇರುತ್ತವೆ. ಸಾಲು ಬಿಟ್ಟು ಬಹಳ ದೂರ ನಿಂತ ಚುಕ್ಕೆ ಬಹುಪಾಲು ನಕ್ಷತ್ರ. ದೂರದರ್ಶಕದಲ್ಲಿ ಓರೆಗನ್ನಡಿ (ಬೆಳಕನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಿಗೆ ಕೊಡುವ ಕನ್ನಡಿ) ಇದ್ದರೆ ಎಡಬಲ ಅದಲುಬದಲಾಗುತ್ತದೆ, ನಡುವೆ ಅದನ್ನು ತೆಗೆದು ಹಾಕಿ ಮಾಡಬೇಡಿ. ದೂರದ ಅಂದಾಜಿನಲ್ಲಿ ಅಸಡ್ಡೆ ಸಲ್ಲ: ಅಲ್ಲಿ ಶೇ. 5 ತಪ್ಪಿದರೆ, ಘನ ಮಾಡುವಾಗ ತೂಕದಲ್ಲಿ ಶೇ. 15 ತಪ್ಪುತ್ತದೆ.

ಉಪಗ್ರಹವೇ ಕಾಣದಿದ್ದರೆ ತೂಗುವುದು ಕಷ್ಟ. ಪ್ಲೂಟೊವನ್ನು ಬಹುಕಾಲ ನಿಜಕ್ಕಿಂತ ಎಷ್ಟೋ ಭಾರ ಎಂದೇ ಎಣಿಸಿದ್ದರು. 1978ರಲ್ಲಿ ಅದರ ಉಪಗ್ರಹ ಷರಾನ್ ಸಿಕ್ಕಿತು. ಸುಮಾರು 19,600 ಕಿ.ಮೀ. ದೂರ, 6.39 ದಿನ. ಮೇಲಿನ ಲೆಕ್ಕವನ್ನೇ ಹಾಕಿ: ಎರಡೂ ಸೇರಿ ಭೂಮಿಯ ಸುಮಾರು 400ರಲ್ಲಿ ಒಂದು ಪಾಲು.