ಮಣ್ಣೇ ಉರಿಯುವ ಕಡೆ

ತೀರ್ಥಹಳ್ಳಿ ಕಡೆ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಬೆಂಕಿ ಬಿದ್ದರೆ ಹಸಿ ಸೊಪ್ಪಿನಲ್ಲಿ ಬಡಿದು ಆರಿಸುತ್ತೇವೆ. ಇಂಡೋನೇಷ್ಯಾದ ಪೀಟ್ ನೆಲದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಮಣ್ಣೇ ಉರಿಯುತ್ತದೆ, ಅರೆಕೊಳೆತ ಗಿಡಮರಗಳ ಮಣ್ಣು. ತಾಳೆ ತೋಟಕ್ಕೆಂದು ಕಾಲುವೆ ತೋಡಿ ನೀರು ಬಸಿಯುತ್ತಾರೆ. ಒಣಗಿದ ಮೇಲೆ ಒಂದು ಕಿಡಿ ಸಾಕು, ಒಳಗೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. ಸುಟ್ಟು ಜಮೀನು ಮಾಡಬಾರದೆಂದು 2009ರಲ್ಲೇ ಕಾನೂನು ಬಂದಿತ್ತು. ಆದರೂ 2015ರಲ್ಲಿ ಇಡೀ ದೇಶದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು.

2016ರಲ್ಲಿ ಬಿಗಿ ಮಾಡಿದ ಪೀಟ್ ನಿಯಮ ನನಗೆ ಜಾಸ್ತಿ ಹಿಡಿಸಿತು. ಬೆಳೆ ಇರುವ ಕಡೆ ನೀರು ನೆಲಮಟ್ಟದಿಂದ 40 ಸೆಂಟಿಮೀಟರ್‌ಗಿಂತ ಕೆಳಗೆ ಇಳಿಯಬಾರದು. ಬೆಂಕಿ ಹಚ್ಚಿದವರನ್ನು ಹುಡುಕುವುದು ಕಷ್ಟ, ನೀರನ್ನು ಅಳೆಯಬಹುದು ಅಲ್ವಾ? ನಮ್ಮ ಕಾಡಂಚಿನಲ್ಲೂ ಹೊಗೆ ಏಳುವ ಮೊದಲೇ ಕೆಲಸ ಆಗಬೇಕು. ಈ ಸಲ ತರಗೆಲೆ ಗುಡಿಸಿ ಬೆಂಕಿ ರೇಖೆ ಮಾಡಲು ನಾನೂ ಹೋಗುತ್ತೇನೆ, ಬರುವವರು ಹೇಳಿ.