ತಡಸದಿಂದ ಕುಮಟೆಗೆ: ಹತ್ತಿ ಇಳಿದ ಹಾದಿ

ಹುಬ್ಬಳ್ಳಿ ಸೀಮೆಯ ಬಯಲನ್ನು ಕಡಲಿಗೆ ಜೋಡಿಸುವ ರಸ್ತೆಗಳ ಪೈಕಿ ತಡಸ–ಕುಮಟಾ ರಾಜ್ಯ ಹೆದ್ದಾರಿಯ ಬಗ್ಗೆ ಬರೆದವರು ಕಡಿಮೆ. ತಡಸದಿಂದ ಮುಂಡಗೋಡ, ಮಳಗಿ, ಶಿರಸಿ, ರಾಗಿಹೊಸಳ್ಳಿ, ದೇವಿಮನೆ ಘಟ್ಟ, ಕತಗಾಲಗಳ ಮೂಲಕ ಸಾಗುವ ಈ ದಾರಿ 69ನೆಯ ಸಂಖ್ಯೆಯ ರಾಜ್ಯ ಹೆದ್ದಾರಿಯಾಗಿತ್ತು. ಶಿರಸಿಯಿಂದ ಕುಮಟೆಯವರೆಗಿನ ಸುಮಾರು 60 ಕಿಲೋಮೀಟರ್ ಈಗ ರಾಷ್ಟ್ರೀಯ ಹೆದ್ದಾರಿ 766ಇ ಆಗಿದೆ.

ಮೊದಲ ಭಾಗ ಗದ್ದೆ, ಕೆರೆ, ಕುರುಚಲು ಕಾಡುಗಳ ನಡುವೆ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ. 1966ರಲ್ಲಿ ನೆಲೆ ಕಂಡ ಟಿಬೆಟನ್ನರ ವಸತಿಯಿಂದಾಗಿ ಮುಂಡಗೋಡ ಹೊರನಾಡಿಗೂ ಪರಿಚಿತ. ಆದರೆ ಈ ರಸ್ತೆಯ ಚರಿತ್ರೆಯೆಲ್ಲ ಇರುವುದು ಶಿರಸಿಯಿಂದ ಕೆಳಗೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆ ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಹತ್ತಿ ಬೆಳೆದದ್ದು ಬಯಲಿನಲ್ಲಾದರೂ ಮುಂಬಯಿ ಪೇಟೆಯಲ್ಲಿ ಅದಕ್ಕಿದ್ದ ಹೆಸರು ಬಂದರಿನದು, ಕುಮಟಾ ಹತ್ತಿ ಎಂದು. ಮೊದಲು ಹೇರೆತ್ತುಗಳ ಬೆನ್ನಿನ ಮೇಲೆ ಬರುತ್ತಿದ್ದ ಸರಕಿಗೆ ಗಾಡಿ ಇಳಿಯಬಲ್ಲ ದಾರಿ ಬೇಕಾದಾಗ ದೇವಿಮನೆ ಘಟ್ಟದ ರಸ್ತೆಗೆ ಮಹತ್ವ ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ, ಈ ಕಾಡುದಾರಿಯ ವ್ಯಾಪಾರ ದೂರದ ಗಿರಣಿಗಳ ಲೆಕ್ಕದಲ್ಲಿ ಸೇರಿಕೊಂಡಿತು. ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾದದ್ದೂ ಅದೇ ಹೊತ್ತಿನಲ್ಲಿ, 1862ರಲ್ಲಿ. ಆಮೇಲೆ ಸರ್ಕಾರದ ಗಮನ ಕಾರವಾರ ಬಂದರಿನ ಕಡೆ ತಿರುಗಿತು; 1880ರ ದಶಕದ ಕೊನೆಗೆ ಬಯಲುಸೀಮೆಯನ್ನು ಮರ್ಮಗೋವಾಕ್ಕೆ ಜೋಡಿಸಿದ ರೈಲು ಕುಮಟೆಯ ಹತ್ತಿ ವ್ಯಾಪಾರವನ್ನು ಮುಗಿಸಿಯೇಬಿಟ್ಟಿತು. ಬಂದರು ಸೊರಗಿದರೂ ರಸ್ತೆ ಉಳಿದದ್ದಕ್ಕೆ ಶಿರಸಿಯ ಅಡಿಕೆ ಪೇಟೆ ಮತ್ತು ಮಾರಿಕಾಂಬೆಯ ಜಾತ್ರೆ ಎರಡೂ ಕಾರಣವೆಂಬುದು ನನ್ನ ಅನಿಸಿಕೆ.

ತುಂಬಿದ ಗಾಡಿಯನ್ನು ಎತ್ತುಗಳು ತಡೆದುಕೊಂಡು ಇಳಿಯಬೇಕಾದರೆ ಇಳಿಜಾರು ಕಡಿದಾಗಿರಬಾರದು. ಆದ್ದರಿಂದಲೇ ಇಂಥ ಹಳೆಯ ಘಟ್ಟರಸ್ತೆಗಳು ಗುಡ್ಡದ ಮೈ ಹಿಡಿದು ಸುತ್ತಿ ಸುತ್ತಿ ಹೋಗುತ್ತವೆ. ಅದೇ ತಿರುವುಗಳು ಇಂದಿನ ಉದ್ದನೆಯ ಲಾರಿಗಳಿಗೆ ಕಂಟಕ. ದೇವಿಮನೆಯ ಗುಡಿಯೆದುರು ಚಾಲಕರು ಕೈಮುಗಿದು ಮುಂದೆ ಹೋಗುವುದು ಬರೀ ರೂಢಿಯಲ್ಲ. ಗುಡಿ ದಾಟಿದ ಮೇಲೆ ಒಂದು ಬದಿಗೆ ಕೆಮ್ಮಣ್ಣಿನ ಧರೆ, ಇನ್ನೊಂದು ಬದಿಗೆ ಕಣಿವೆ. ಆಷಾಢದಲ್ಲಿ ಧರೆಯ ಮೈಯಿಂದ ಒಸರುವ ನೀರು ಡಾಂಬರಿನ ಮೇಲೆ ಕೆಂಪಗೆ ಹರಿಯುತ್ತಿರುತ್ತದೆ. ಅಗಲೀಕರಣಕ್ಕಾಗಿ ಧರೆಯನ್ನು ನೇರವಾಗಿ ಕಡಿದಲ್ಲಿ ಮಣ್ಣು ಜರಿದು ಸಂಚಾರ ನಿಂತದ್ದುಂಟು. 2011ರಲ್ಲಿ ಸಿಂಗಳೀಕಗಳಿಗಾಗಿ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಿತ ಪ್ರದೇಶವನ್ನು ಘೋಷಿಸಿದ ಸೀಮೆಯಿದು. ಇಲ್ಲಿ ರಸ್ತೆ ಎಷ್ಟು ಅಗಲವಾಗಬೇಕೆಂಬುದನ್ನು ಬಯಲುಸೀಮೆಯ ಅಳತೆಗೋಲಿನಿಂದ ನಿರ್ಧರಿಸುವುದು ನನಗೆ ಸರಿಯೆನಿಸುವುದಿಲ್ಲ.

ಘಟ್ಟದ ಬುಡದ ಕತಗಾಲದಲ್ಲಿ ಚಂಡಿಕಾ ಹೊಳೆ ತುಂಬಿದರೆ ರಸ್ತೆಯೇ ಮುಳುಗುತ್ತದೆ. ಆಗ ಭಾರದ ವಾಹನಗಳು ಯಲ್ಲಾಪುರ–ಅಂಕೋಲಾ ದಾರಿ ಹಿಡಿಯಬೇಕು. ಸಣ್ಣವಕ್ಕೆ ಸಿದ್ದಾಪುರದಿಂದ ದೊಡ್ಮನೆ ಘಟ್ಟದ ಮೂಲಕ ಇಳಿಯುವ ದಾರಿಯೂ ಇದೆ.